ಸಿಕ್ಕಿದ್ದ, ಬಿಟ್ಟರು

ಸೋವಿಯತ್ ಹಂತಕ ಚಿಕಟಿಲೋನ ಬೇಟೆಯ ಕಥೆಯಿರುವ 'ಸಿಟಿಜನ್ ಎಕ್ಸ್' (1995) ಟಿವಿ ಚಿತ್ರವನ್ನು ನೀವು ನೋಡಿರಬಹುದು. 1984ರಲ್ಲೇ ಸಿಕ್ಕಿದ್ದ ಅವನು, ರಕ್ತದ ಗುಂಪು ತಾಳೆಯಾಗಲಿಲ್ಲವೆಂದು ಕೊಲೆಯ ಆರೋಪದಿಂದ ಪಾರಾಗಿದ್ದ. ಮತ್ತೆ ಹಿಡಿದದ್ದು 1990ರಲ್ಲಿ.

ನಮ್ಮ ಮುಂಬಯಿಯಲ್ಲೂ ಹೀಗೇ ಆಗಿತ್ತು. 1965-66ರಲ್ಲಿ ಪೂರ್ವದ ಉಪನಗರಗಳಲ್ಲಿ, 1968ರಲ್ಲಿ ಉತ್ತರದವುಗಳಲ್ಲಿ, ಫುಟ್‌ಪಾತಿನಲ್ಲೋ ಜೋಪಡಿಯಲ್ಲೋ ಮಲಗಿದ ಬಡವರ ತಲೆಯೊಡೆದು ಕೊಲ್ಲುತ್ತಿದ್ದ ರಾಮನ್ ರಾಘವ್. ಬಾಗಿಲೇ ಇಲ್ಲದವರು ಚಿಲಕ ಎಲ್ಲಿಗೆ ಹಾಕಬೇಕು ಹೇಳಿ? ಮೊದಲ ಸಲವೇ ಪೊಲೀಸರು ಅವನನ್ನು ಹಿಡಿದಿದ್ದರು. ಹೊಡೆದದ್ದನ್ನು ಕಣ್ಣಾರೆ ಕಂಡವರಿಲ್ಲ, ಬಿಟ್ಟರು. ಅದರ ಬೆಲೆ ತೆತ್ತವರು 1968ರಲ್ಲಿ ಸತ್ತವರು.

ಎರಡನೆಯ ಸಲ ತನಿಖೆಯ ಹೊಣೆ ಕ್ರೈಂ ಬ್ರಾಂಚಿನ ರಮಾಕಾಂತ ಕುಲಕರ್ಣಿಯವರದು. ಆಗಸ್ಟ್ 27ರಂದು ಸಬ್ ಇನ್‌ಸ್ಪೆಕ್ಟರ್ ಅಲೆಕ್ಸ್ ಫಿಯಾಲ್ಹೊ ಅವನನ್ನು ಗುರುತಿಸಿ ಹಿಡಿದರು. ಬಾಯಿಯನ್ನೇ ಬಿಡದವನು ಕೋಳಿ ಊಟ ತರಿಸಿಕೊಟ್ಟ ಮೇಲೆ ಮಾತಾಡಿದನಂತೆ! ಒಪ್ಪಿಕೊಂಡದ್ದು 41 ಕೊಲೆ.

1969ರಲ್ಲಿ ಗಲ್ಲುಶಿಕ್ಷೆಯಾಯಿತು. ವಾಸಿಯಾಗದ ಮನೋರೋಗವೆಂದು ವೈದ್ಯರು ಹೇಳಿದ್ದರಿಂದ 1987ರಲ್ಲಿ ಹೈಕೋರ್ಟು ಅದನ್ನು ಜೀವಾವಧಿಗೆ ಇಳಿಸಿತು. ಸರಿಯಾದದ್ದೇ ಎನ್ನುತ್ತೇನೆ ನಾನು; ಸತ್ತವರ ಮನೆಯವರು ಒಪ್ಪಲಿಕ್ಕಿಲ್ಲ. 1995ರಲ್ಲಿ ಪುಣೆಯಲ್ಲಿ ಅವನು ತೀರಿಕೊಂಡ.

ಶ್ರೀರಾಮ್ ರಾಘವನ್ 1991ರಲ್ಲೇ ಈ ಕಥೆಯನ್ನು ಕಿರುಪರದೆಯ ಅಳತೆಯಲ್ಲಿ ಚಿತ್ರವಾಗಿಸಿದ್ದರು. ರಾಮನ್ ಆಗಿ ರಘುವೀರ್ ಯಾದವ್. ಸಿಕ್ಕರೆ ನೋಡಿ, ಆದರೆ ರಾತ್ರಿ ಒಬ್ಬರೇ ಕೂತು ಬೇಡ.