ಅಜ್ಜನ ಬೇಟೆಗತ್ತಿಯೂ ಬೊರಿವಲಿಯ ಚಿರತೆಯೂ

ಊರಿನಿಂದ ಮುಂಬಯಿಗೆ ಬಂದ ನಮ್ಮವರ ಟ್ರಂಕುಗಳಲ್ಲಿ ಏನೇನು ಬಂತೆಂದು ಬರೆಯಹೊರಟರೆ ಅದೇ ಒಂದು ಪುರಾಣವಾದೀತು. ಕೆಲವರೊಡನೆ ಹಿತ್ತಾಳೆಯ ದೀಪ ಬಂತು, ಕೆಲವರೊಡನೆ ತೆಂಗಿನಕಾಯಿ ತುರಿಯುವ ಮಣೆ, ಮತ್ತೆ ಕೆಲವರೊಡನೆ ಯಕ್ಷಗಾನ ಪ್ರಸಂಗಗಳ ಕಟ್ಟು. ನಮ್ಮ ಮನೆಗೆ ಬಂದುದು ಅಜ್ಜನ ಬೇಟೆಗತ್ತಿ. ಆರು ಅಂಗುಲದ ಅಲಗು, ಬೀಟೆಮರದ ಹಿಡಿ, ಚರ್ಮದ ಒರೆ. ಸುಳ್ಯದ ಕಡೆಯ ಕಾಡಿನಲ್ಲಿ ಹಂದಿಬೇಟೆಯ ಕಾಲದಲ್ಲಿ ಅಜ್ಜನ ಸೊಂಟದಲ್ಲಿರುತ್ತಿದ್ದ ಈ ಕತ್ತಿ, ಈಗ ಬೊರಿವಲಿ ಪೂರ್ವದ ಎರಡನೆಯ ಮಾಳಿಗೆಯ ಅಡುಗೆಕೋಣೆಯಲ್ಲಿ ಹಲಸಿನಹಣ್ಣು ಕೊಯ್ಯುತ್ತ ತನ್ನ ವೃದ್ಧಾಪ್ಯವನ್ನು ಕಳೆಯುತ್ತಿದೆ.

ಕೆಲವು ವರ್ಷಗಳ ಹಿಂದಿನ ಮಾತು. ನವರಾತ್ರಿಗೆ ಮುಂಚಿನ ಒಂದು ಸಂಜೆ. ನಮ್ಮ ಸೊಸೈಟಿಯ ಹಿಂಗೋಡೆಯಾಚೆ ಪೊದೆ ಬೆಳೆದ ಒಂದು ಗುಡ್ಡ. ಅದರಾಚೆ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ. ಬೆಳಕು ಆರುತ್ತಿದ್ದಂತೆ ಕೆಳಗಿನಿಂದ ವಾಚ್‌ಮನ್ನನ ಕೂಗು ಕೇಳಿಸಿತು. ಕಿಟಕಿಯಿಂದ ಇಣುಕಿದರೆ ಗೋಡೆಯ ಮೇಲೆ ಸಾಕ್ಷಾತ್ ಚಿರತೆ! ಬಾಲ ಮಾತ್ರ ಇಳಿಬಿದ್ದು ಅತ್ತಿತ್ತ ಅಲುಗುತ್ತಿತ್ತು. ಅದರ ದೃಷ್ಟಿ ಕಸದ ತೊಟ್ಟಿಯ ಬಳಿಯ ನಾಯಿಗಳ ಮೇಲೆಯೇ ಹೊರತು ನಮ್ಮ ಮೇಲಲ್ಲ. ಅಷ್ಟರಲ್ಲಿ ಕ್ರಿಕೆಟ್ ಬ್ಯಾಟು, ಮೊಬೈಲುಗಳನ್ನು ಹಿಡಿದ ತರುಣರ ಗುಂಪು ಅಂಗಳದಲ್ಲಿ ನೆರೆಯಿತು. ನಮ್ಮ ಹದಿನೇಳರ ಮಗ ಅಡುಗೆಕೋಣೆಗೆ ಹಾರಿ, ಅಜ್ಜನ ಕತ್ತಿಯನ್ನು ಸೆಳೆದುಕೊಂಡು ಬಾಗಿಲತ್ತ ಧಾವಿಸಿದ.

ಬಾಗಿಲಿಗೆ ಅಡ್ಡ ನಿಂತವರು ನಮ್ಮ ತಾಯಿ. ಆ ಕತ್ತಿ ನಿನ್ನ ಮುತ್ತಜ್ಜನ ಕೈಯಲ್ಲೂ ಜೀವಂತ ಮೃಗದ ಮೇಲೆ ಏಳಲಿಲ್ಲ, ನಿನ್ನ ಕೈಯಲ್ಲಿ ಏಳುವುದು ಬೇಡ ಎಂದರು. ಹುಡುಗ ಅವಾಕ್ಕಾಗಿ ನಿಂತ. ಅಷ್ಟರಲ್ಲಿ ಕೆಳಗಿದ್ದ ಹಿರಿಯರೊಬ್ಬರು ಹುಡುಗರನ್ನೆಲ್ಲ ಮೆಟ್ಟಲಿಗೆ ಕಳುಹಿಸಿ ಅಂಗಳದ ದೀಪಗಳನ್ನು ಹಾಕಿಸಿದರು. ಗದ್ದಲ ಅಡಗಿದ ಎರಡೇ ನಿಮಿಷದಲ್ಲಿ ಚಿರತೆ ಬಂದ ದಾರಿಯಲ್ಲೇ ಇಳಿದು ಹೋಯಿತು.

ಆ ರಾತ್ರಿ ಊಟದ ಹೊತ್ತಿಗೆ ಬೇಟೆಗತ್ತಿಯ ನಿಜವಾದ ಕೆಲಸವೇನೆಂಬ ಚರ್ಚೆ ನಡೆಯಿತು. ಕೆದಂಬಾಡಿ ಜತ್ತಪ್ಪ ರೈಗಳ ‘ಬೇಟೆಯ ನೆನಪುಗಳು’ ಓದಿದವರಿಗೂ, ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್, ಜಿಮ್ ಕಾರ್ಬೆಟ್ಟರ ಕಥೆಗಳನ್ನು ಓದಿದವರಿಗೂ ಇದನ್ನು ಬೇರೆ ಹೇಳಬೇಕಾಗಿಲ್ಲ. ಮೃಗವನ್ನು ಎದುರಿಸುವುದು ಕೋವಿ. ಕತ್ತಿಯ ಸರದಿ ಬರುವುದು ಎಲ್ಲ ಮುಗಿದ ಮೇಲೆ. ಬಳ್ಳಿ ಕಡಿಯುವುದು, ಗೂಟ ಚೂಪು ಮಾಡುವುದು, ಚರ್ಮ ಸುಲಿಯುವುದು, ಪಾಲು ಹಂಚುವುದು, ಇವೇ ಅದರ ಉದ್ಯೋಗ. ಕತ್ತಿಯಿಂದ ಇರಿಯಬೇಕಾದರೆ ಮೃಗವನ್ನು ಅಪ್ಪಿಕೊಳ್ಳುವಷ್ಟು ಹತ್ತಿರ ಹೋಗಬೇಕು. ಚಿರತೆಗೆ ಬೇಕಾದುದೂ ಅದೇ!

ಆ ಬೇಟೆಯ ಕಾಲವಾದರೂ ಈಗೆಲ್ಲಿದೆ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಂದಿಗೆ ಅದು ಮುಗಿಯಿತು. ಕೊಡಗಿನವರು ಕೈಲ್ ಮುಹೂರ್ತದ ದಿನ ಕೋವಿ, ಒಡಿಕತ್ತಿ, ಪೀಚೆಕತ್ತಿಗಳಿಗೆ ಇಂದಿಗೂ ಪೂಜೆ ಸಲ್ಲಿಸುತ್ತಾರೆ. ಆದರೆ ಗುರಿ ಪರೀಕ್ಷೆ ನಡೆಯುವುದು ತೆಂಗಿನಕಾಯಿಯ ಮೇಲೆ. ಆಯುಧ ಉಳಿಯಿತು, ಬೇಟೆ ಅಳಿಯಿತು. ಅದು ಒಳ್ಳೆಯದೇ ಆಯಿತೆಂದು ನಮ್ಮ ಭಾವನೆ.

ಮುಂಬಯಿಯ ವಿಚಿತ್ರವೆಂದರೆ ಬೇಟೆ ಹೋದರೂ ಮೃಗ ಹೋಗಲಿಲ್ಲ. ಸುಮಾರು 104 ಚದರ ಕಿಲೋಮೀಟರಿನ ಈ ಉದ್ಯಾನವೂ ಅದಕ್ಕೆ ತಾಗಿದ ಆರೆ ಕಾಲನಿಯೂ ನಗರದ ನಡುವೆಯೇ ಇವೆ. ಕಾಡಿನಲ್ಲಿ ಕ್ಯಾಮೆರಾಗಳನ್ನು ಕಟ್ಟಿ ಎಣಿಸಿದಾಗ 2015ರಲ್ಲಿ 35 ಚಿರತೆಗಳು, 2018ರಲ್ಲಿ 47 ಚಿರತೆಗಳು ಲೆಕ್ಕಕ್ಕೆ ಸಿಕ್ಕವು. ಒಳಗಾಡಿನಲ್ಲಿ ಅವುಗಳಿಗೆ ಜಿಂಕೆ, ಕಡವೆಗಳುಂಟು, ಅಂಚಿನಲ್ಲಿ ಬೀದಿನಾಯಿಗಳುಂಟು. ನಾಯಿಗಳನ್ನು ಅಲ್ಲಿಗೆ ಕರೆಯುವುದು ನಾವು ಎಸೆಯುವ ಕಸ. ಹಾಗಾಗಿ ಚಿರತೆಗೆ ಆಮಂತ್ರಣ ಪತ್ರ ಹೋಗುವುದು ನಮ್ಮ ಕಸದ ತೊಟ್ಟಿಯಿಂದಲೇ.

2004ರಲ್ಲಿ ಈ ಕಾಡಿನ ಸುತ್ತ ಚಿರತೆಗಳಿಂದ ಅನೇಕರು ಪ್ರಾಣ ಕಳೆದುಕೊಂಡುದು ಹಳಬರಿಗೆ ನೆನಪಿದೆ. ಬೇರೆಡೆ ಹಿಡಿದ ಚಿರತೆಗಳನ್ನು ಇಲ್ಲಿ ತಂದು ಬಿಟ್ಟುದೂ ಅದಕ್ಕೊಂದು ಕಾರಣವೆಂದು ಆಮೇಲೆ ಎಲ್ಲರೂ ಮನಗಂಡರು. ಒಂದು ಜಾಗದ ಮೃಗವನ್ನು ಮತ್ತೊಂದು ಜಾಗದಲ್ಲಿ ಬಿಟ್ಟರೆ ಜಗಳ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ ಎಂದು ವಿದ್ಯಾ ಅತ್ರೇಯರಂಥ ಸಂಶೋಧಕರು ಮಹಾರಾಷ್ಟ್ರದ ಜುನ್ನರಿನ ಅನುಭವದಿಂದ ತೋರಿಸಿಕೊಟ್ಟರು. 2011ರಿಂದ ಅರಣ್ಯ ಇಲಾಖೆಯೂ ನಾಗರಿಕರೂ ಕೂಡಿ ವಸತಿಗಳಲ್ಲಿ ತಿಳಿವಳಿಕೆ ಹಬ್ಬಿಸತೊಡಗಿದರು.

ಅವರು ಹೇಳುವುದು ಸರಳ. ಕತ್ತಲಾದ ಮೇಲೆ ಮಕ್ಕಳನ್ನು ಒಬ್ಬರನ್ನೇ ಹೊರಗೆ ಬಿಡಬೇಡಿ. ಬಯಲಲ್ಲಿ ಕುಕ್ಕರಗಾಲಲ್ಲಿ ಕೂರಬೇಡಿ. ಕುಳಿತವರು ಚಿರತೆಯ ಕಣ್ಣಿಗೆ ಸಣ್ಣ ಪ್ರಾಣಿಯಂತೆ ಕಾಣುತ್ತಾರೆ. ಎದುರಾದರೆ ಓಡಬೇಡಿ, ಬಾಗಬೇಡಿ. ನೆಟ್ಟಗೆ ನಿಂತು ಮೆಲ್ಲಗೆ ಹಿಂದೆ ಸರಿಯಿರಿ, ಅದಕ್ಕೆ ದಾರಿ ಬಿಡಿ. ಗುಂಪು ಕಟ್ಟಿ ಸುತ್ತುವರಿಯಬೇಡಿ. ಅರಣ್ಯ ಇಲಾಖೆಯ 1926 ಸಂಖ್ಯೆಗೆ ಫೋನು ಮಾಡಿ. 2021ರ ಸೆಪ್ಟೆಂಬರಿನಲ್ಲಿ ಆರೆ ಕಾಲನಿಯಲ್ಲಿ, ಕಟ್ಟೆಯ ಮೇಲೆ ಕುಳಿತಿದ್ದ ಮಹಿಳೆಯೊಬ್ಬರ ಮೇಲೆ ಹಿಂದಿನಿಂದ ಚಿರತೆ ಎರಗಿತು. ಅವರನ್ನು ಉಳಿಸಿದ್ದು ಖಡ್ಗವಲ್ಲ, ಕೈಯಲ್ಲಿದ್ದ ಊರುಗೋಲು. ಅದನ್ನು ಮುಂದೆ ಚಾಚಿ ಚಿರತೆಯನ್ನು ದೂರವಿಟ್ಟರು. ಕೋಲಿನ ಗುಣ ದೂರ. ಕತ್ತಿಯ ಗುಣ ಹತ್ತಿರ.

ಹಾಗಾದರೆ ಅಜ್ಜನ ಕತ್ತಿಯನ್ನು ಮೂಲೆಗೆಸೆಯಬೇಕೆ? ಖಂಡಿತ ಇಲ್ಲ. ಮೊಂಡಾದ ಕತ್ತಿಯೇ ಮನೆಗೆ ಹೆಚ್ಚು ಅಪಾಯ. ಅದಕ್ಕೆ ಬಲ ಹಾಕಬೇಕು; ಬಲ ಹಾಕಿದರೆ ಜಾರುತ್ತದೆ; ಜಾರಿದರೆ ಬೆರಳು. ಸೈಕಲ್ ಚಕ್ರ ತುಳಿಯುತ್ತ ಬರುವ ಸಾಣೆಯವನಿಗೆ ಒಮ್ಮೆ ಇದನ್ನು ಕೊಟ್ಟು, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದು ನಾವೇ ಅವಸರಪಡಿಸಿದೆವು. ಕಿಡಿ ಹಾರಿತು, ಅಲಗಿನ ತುದಿ ನೀಲಿಗಟ್ಟಿತು. ಉಕ್ಕು ನೀಲಿಗೆ ತಿರುಗಿತೆಂದರೆ ಕಾವು ಏರಿ ಹದ ಹೋಯಿತೆಂದೇ ಅರ್ಥ. ಆ ತುದಿ ಇಂದಿಗೂ ಹರಿತ ಹಿಡಿಯುವುದಿಲ್ಲ.

ಊರಿನಲ್ಲಿ ಅಜ್ಜ ಮರದ ಹಲಗೆಯ ಮೇಲೆ ಬೆಣಚುಕಲ್ಲಿನ ಪುಡಿ ಉದುರಿಸಿ ಮಸೆಯುತ್ತಿದ್ದರು. ನಮಗೆ ಅಂಗಡಿಯ ಕಾರ್ಬೊರಂಡಂ ಕಲ್ಲೇ ಗತಿ: ಒಂದು ಮೈ ಒರಟು, ಒಂದು ಮೈ ನಯ. ಕೋನ ತಿಳಿಯಲು ಒಂದು ಉಪಾಯವುಂಟು. ಕಾಗದದ ಮೂಲೆ 90 ಅಂಶ. ಅದನ್ನು ಒಮ್ಮೆ ಮಡಿಸಿದರೆ 45, ಮತ್ತೊಮ್ಮೆ ಮಡಿಸಿದರೆ ಇಪ್ಪತ್ತೆರಡೂವರೆ. ಬೇಟೆಗತ್ತಿಗೆ ಸುಮಾರಾಗಿ ಇದೇ ಕೋನ. ಕಲ್ಲನ್ನು ಒದ್ದೆ ಮಾಡಿ, ಕಲ್ಲಿನಿಂದ ತೆಳುವಾದ ಪದರ ಹೆರೆಯುವವರಂತೆ ಅಲಗನ್ನು ಬುಡದಿಂದ ತುದಿಯವರೆಗೆ ಹಗುರವಾಗಿ ನೂಕಬೇಕು. ಸ್ವಲ್ಪ ಹೊತ್ತಿನಲ್ಲಿ ಆಚೆಯ ಮಗ್ಗುಲಲ್ಲಿ ಕೂದಲಿನಷ್ಟು ಸಣ್ಣ ಲೋಹದ ಗೆರೆ ಬೆರಳಿಗೆ ತಾಗುತ್ತದೆ. ಆಗ ಮಗ್ಗುಲು ಬದಲಿಸಬೇಕು. ಆಮೇಲೆ ನಯವಾದ ಮೈ. ಕಡೆಗೆ ಹಳೆಯ ಚರ್ಮದ ಬೆಲ್ಟಿನ ಮೇಲೆ, ಕತ್ತಿಯ ಬೆನ್ನು ಮುಂದಾಗಿ, ಹತ್ತಾರು ಸಲ ಎಳೆದರೆ ಆ ಗೆರೆ ಹೋಗುತ್ತದೆ. ಪರೀಕ್ಷೆಗೆ ಹೆಬ್ಬೆರಳು ಬೇಡ. ಪತ್ರಿಕೆಯ ಹಾಳೆ ಸಾಕು.

ಮುಂಬಯಿಯ ಮಳೆಗಾಲದಲ್ಲಿ ಕತ್ತಿಯನ್ನು ಚರ್ಮದ ಒರೆಯಲ್ಲಿ ಇಡಲೇಬಾರದು. ಒರೆ ತೇವ ಹೀರಿ ಅಲಗಿಗೆ ತುಕ್ಕು ಹಿಡಿಸುತ್ತದೆ. ತೊಳೆದು, ಒರಸಿ, ತೆಳ್ಳಗೆ ಎಣ್ಣೆ ಸವರಿ ಒಣಗಿದ ಬಟ್ಟೆಯಲ್ಲಿ ಸುತ್ತಿಡುವುದೇ ಮೇಲು. ತೆಂಗಿನೆಣ್ಣೆಯಾದರೆ ವಾರಕ್ಕೊಮ್ಮೆ ಒರಸಿ ಹೊಸದಾಗಿ ಹಚ್ಚಬೇಕು, ಇಲ್ಲವಾದರೆ ಅಂಟಾಗುತ್ತದೆ.

ಈಗ ನಮ್ಮಲ್ಲಿ ಕತ್ತಿ ಮಸೆಯುವ ಕೆಲಸ ಮಗನದು. ಪ್ರತಿ ಆಯುಧಪೂಜೆಯ ಹಿಂದಿನ ದಿನ ಬಾಲ್ಕನಿಯಲ್ಲಿ ಕುಳಿತು ಒಂದು ಗಂಟೆ ಮಸೆಯುತ್ತಾನೆ. ಮರುದಿನ ತಾಯಿಯವರು ಅದಕ್ಕೆ ಕುಂಕುಮವಿಟ್ಟು ಹೂ ಏರಿಸುತ್ತಾರೆ. ಸಂಜೆಯಾಗುವ ಮೊದಲೇ ಮನೆಯ ಕಸವನ್ನು ಕೆಳಗೊಯ್ದು, ತೊಟ್ಟಿಯ ಮುಚ್ಚಳ ಮುಚ್ಚಿ ಬರುವವನೂ ಅವನೇ. ಅದನ್ನು ನಾವು ಹೇಳಿಕೊಟ್ಟದ್ದಲ್ಲ.