ಇದ್ದಿಲು ಬಸ್ಸಿನ ಗ್ಯಾಸು, ಹೊಸಹಳ್ಳಿಯ ದೀಪ

ಎರಡನೇ ಮಹಾಯುದ್ಧದ ಕಾಲಕ್ಕೆ ಪೆಟ್ರೋಲಿಗೆ ರೇಷನ್ ಬಂದಾಗ ಮೈಸೂರು ಸಂಸ್ಥಾನದ ಬಸ್ಸುಗಳು ಇದ್ದಿಲು ಗ್ಯಾಸಿನಲ್ಲಿ ಓಡಿದವು. ಬಸ್ಸಿಗೊಂದು ಪೀಪಾಯಿಯಂಥ ಒಲೆ. ಹೊರಡುವ ಮುಂಚೆ ಇದ್ದಿಲು ತುಂಬಿ, ಚೆನ್ನಾಗಿ ಕೆಂಡವಾಗುವ ತನಕ ಗಾಳಿಯಂತ್ರದ ಹಿಡಿ ತಿರುಗಿಸಬೇಕು. ಯುದ್ಧ ಮುಗಿದು ಪೆಟ್ರೋಲು ಸಲೀಸಾಗಿ ಸಿಗತೊಡಗಿದ್ದೇ ತಡ, ಒಲೆಗಳು ಗುಜರಿ ಸೇರಿದವು.

ಇದ್ದಿಲೇ ಏಕೆ, ಸೌದೆ ಹಾಕಿದರೆ ಆಗದೆ? ಆಗುತ್ತದೆ, ಆದರೆ ಸೌದೆಯ ಹೊಗೆಯಲ್ಲಿ ಟಾರು ಇರುತ್ತದೆ. ಅದು ಎಂಜಿನ್ನಿನ ವಾಲ್ವಿಗೆ ಅಂಟಿಕೊಂಡು ಗಾಡಿಯನ್ನೇ ನಿಲ್ಲಿಸಿಬಿಡುತ್ತದೆ. ಇನ್ನು ಇದ್ದಿಲು ಸುಡುವಾಗಲೇ ಸೌದೆಯ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಗಾಳಿಪಾಲು. ಈ ಗಂಟು ಬಿಡಿಸಿದವರು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನವರು, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯವರು. ಅಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ 'ಅಸ್ತ್ರ' ಎಂಬ ಕೇಂದ್ರ ಆರಂಭಿಸಿ ವಿಜ್ಞಾನಿಗಳ ಮುಖವನ್ನು ಹಳ್ಳಿಯ ಕಡೆ ತಿರುಗಿಸಿದ್ದರು. ಹೊಗೆಯಿಲ್ಲದ ಅಸ್ತ್ರ ಒಲೆ ಹುಟ್ಟಿದ್ದು ಅಲ್ಲೇ. ಸೌದೆ ಗ್ಯಾಸಿನ ಕೆಲಸಕ್ಕೆ ಕೈಹಾಕಿದ್ದು ಮಾತ್ರ ವೈಮಾಂತರಿಕ್ಷ ವಿಭಾಗದ ಎಚ್.ಎಸ್. ಮುಕುಂದ ಮತ್ತು ಸಂಗಡಿಗರು. ರಾಕೆಟ್ಟಿನ ಇಂಧನ ಹೇಗೆ ಉರಿಯುತ್ತದೆ ಎಂದು ಲೆಕ್ಕ ಹಾಕುತ್ತಿದ್ದವರು ಸೌದೆ ತುಂಡಿನ ಮುಂದೆ ಕೂತರು. ಉರಿಯ ಶಾಸ್ತ್ರಕ್ಕೆ ಮೇಲು ಕೀಳಿಲ್ಲ, ನೋಡಿ.

ಅವರ ಗ್ಯಾಸಿಫೈಯರಿನ, ಅಂದರೆ ಸೌದೆಯನ್ನು ಗ್ಯಾಸಾಗಿಸುವ ಒಲೆಯ ಬಾಯಿ ಮೇಲೆ ತೆರೆದೇ ಇರುತ್ತದೆ. ಮೇಲಿನಿಂದಲೂ ಗಾಳಿ, ಪಕ್ಕದ ಕೊಳವೆಗಳಿಂದಲೂ ಗಾಳಿ. ಆದರೆ ಪೂರ್ತಿ ಉರಿಯಲು ಬೇಕಾದಷ್ಟು ಕೊಡುವುದಿಲ್ಲ. ಕಾದ ಸೌದೆ ಬಿಟ್ಟ ಹೊಗೆ ಕೆಳಗಿನ ದಪ್ಪ ಕೆಂಡದ ಹಾಸನ್ನು ಹಾದೇ ಹೊರಬರಬೇಕು. ಆ ಧಗೆಯಲ್ಲಿ ಟಾರಿನ ಬಹುಪಾಲು ಒಡೆದುಹೋಗುತ್ತದೆ. ಉಳಿದ ಗ್ಯಾಸಿನಲ್ಲಿ ಐದರಲ್ಲೊಂದು ಪಾಲು ಕಾರ್ಬನ್ ಮೊನಾಕ್ಸೈಡ್, ಹೆಚ್ಚುಕಡಿಮೆ ಅಷ್ಟೇ ಜಲಜನಕ. ಅದನ್ನು ನೀರಿನಲ್ಲಿ ತಣಿಸಿ, ಮರಳಿನಲ್ಲಿ ಸೋಸಿ ಡೀಸೆಲ್ ಎಂಜಿನ್ನಿಗೆ ಕೊಟ್ಟರೆ ಡೀಸೆಲ್ ಖರ್ಚು ಕಾಲುಭಾಗಕ್ಕೆ ಇಳಿಯಬಲ್ಲದು. ಸೌದೆ ಮಾತ್ರ ಚೆನ್ನಾಗಿ ಒಣಗಿರಬೇಕು. ಹಸಿ ಸೌದೆ ಹಾಕಿದಿರೋ, ಟಾರು ಮತ್ತೆ ಹಾಜರು.

ನೆಲಮಂಗಲದಲ್ಲಿ ಹಾಸನದ ರಸ್ತೆಗೆ ತಿರುಗಿದರೆ ಕುಣಿಗಲ್ ತಾಲ್ಲೂಕು. ಅಲ್ಲಿನ ಹೊಸಹಳ್ಳಿಗೆ ಕರೆಂಟಿರಲಿಲ್ಲ. 1988ರಲ್ಲಿ ಈ ಗ್ಯಾಸಿನಿಂದ ದೀಪ ಹತ್ತಿತು; ಕ್ರಮೇಣ ಕುಡಿಯುವ ನೀರು, ಹಿಟ್ಟಿನ ಗಿರಣಿ, ಹೊಲಕ್ಕೆ ನೀರೂ ಬಂದವು. ಅದೇ ವಿಜ್ಞಾನ ಸಂಸ್ಥೆಯ ಎನ್.ಎಚ್. ರವೀಂದ್ರನಾಥ್ ಮತ್ತು ಸಂಗಡಿಗರು 2004ರಲ್ಲಿ ಬರೆದ ಲೆಕ್ಕದ ಪ್ರಕಾರ, ಅದರ ಹಿಂದಿನ ಆರು ವರ್ಷಗಳಲ್ಲಿ ಶೇ 85ಕ್ಕೂ ಹೆಚ್ಚು ದಿನ ದೀಪ, ನೀರು ತಪ್ಪಿರಲಿಲ್ಲ.

ಅದೇ ಲೆಕ್ಕದಲ್ಲಿ ಇನ್ನೊಂದು ಸಾಲಿದೆ, ನನಗೆ ಅದೇ ಮುಖ್ಯ. 20 ಕಿಲೋವ್ಯಾಟ್ ಹೊರೆಯಿದ್ದಾಗ ಯೂನಿಟ್ಟಿಗೆ ಇಂಧನ, ನಿರ್ವಹಣೆ ಸೇರಿ 3.34 ರೂಪಾಯಿ, ಹೊರೆ 5 ಕಿಲೋವ್ಯಾಟಿಗೆ ಇಳಿದರೆ 5.85 ರೂಪಾಯಿ. ಸಂಜೆ ನಾಲ್ಕು ದೀಪ ಉರಿಸುವ ಊರಿಗೆ ಈ ಯಂತ್ರ ದುಬಾರಿ, ದಿನವಿಡೀ ದುಡಿಸಿಕೊಳ್ಳುವವರಿಗೆ ಅಗ್ಗ.

ಹಾಗೆ ದುಡಿಸಿಕೊಳ್ಳಬಲ್ಲವರು ಬೆಂಗಳೂರಿನ ಹತ್ತಿರದಲ್ಲೇ ಇದ್ದಾರೆ. ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ರೇಷ್ಮೆ ನೂಲು ಬಿಚ್ಚಾಣಿಕೆದಾರರಿಗೆ ಗೂಡು ಬೇಯಿಸಲು ಬಿಸಿನೀರು ಬೇಕೇ ಬೇಕು. ಅವರಿಗೆ ಬೇಕಾದದ್ದು ಕರೆಂಟಲ್ಲ, ಶಾಖ. ಗ್ಯಾಸನ್ನು ಎಂಜಿನ್ನಿಗೆ ಕೊಡದೆ ನೇರವಾಗಿ ಉರಿಸುವಾಗ ಟಾರಿನ ಕಾಟವೂ ಕಡಿಮೆ. ಕರೆಂಟು ಬಂದ ಊರಿನಲ್ಲಿ ಗ್ಯಾಸಿಫೈಯರಿನ ಸರಿಯಾದ ಜಾಗ ದೀಪದ ಕಂಬವಲ್ಲ, ಬಿಚ್ಚಾಣಿಕೆಯ ಒಲೆ.