ರ‍್ಯಾಮ್ ಹೆಚ್ಚಿಸಿದರೆ ಹಳೆಯ ಕಂಪ್ಯೂಟರ್ ಹೊಸದಾಗುತ್ತದೆಯೇ?

ಭಟ್ಕಳ, ಹೊನ್ನಾವರ, ಕುಮಟಾ – ಯಾವ ಪೇಟೆಗೆ ಹೋದರೂ ಮದುವೆ ಕಾಗದ, ಬಿಲ್ ಪುಸ್ತಕ, ಯಕ್ಷಗಾನದ ಹ್ಯಾಂಡ್‌ಬಿಲ್ ಮಾಡಿಕೊಡುವ ಡಿಟಿಪಿ ಅಂಗಡಿ ಸಿಗುತ್ತದೆ. ಇಂಥ ಅಂಗಡಿಯ ಕಂಪ್ಯೂಟರಿನಲ್ಲಿ ಇನ್ನೂ ವಿಂಡೋಸ್ 7, ಪೇಜ್‌ಮೇಕರ್ ಮತ್ತು ನುಡಿ ಇದ್ದರೆ ಆಶ್ಚರ್ಯವಿಲ್ಲ. ಅದು ನಿಧಾನವಾದಾಗ ಸಿಗುವ ಸಲಹೆ ಒಂದೇ: “ರ‍್ಯಾಮ್ ಹಾಕಿಸಿ, ಹೊಸದರಂತೆ ಆಗುತ್ತದೆ.” ಇದು ನಿಜವೇ? ಅರ್ಧ ಮಾತ್ರ ನಿಜ.

ರ‍್ಯಾಮ್ ಎಂದರೆ ಕೆಲಸ ಮಾಡುವ ಮೇಜು, ಹಾರ್ಡ್ ಡಿಸ್ಕ್ ಎಂದರೆ ಕಪಾಟು. ಮೇಜು ಸಾಲದೇ ಹೋದಾಗ ಕಂಪ್ಯೂಟರ್ ಕಡತಗಳನ್ನು ಪದೇ ಪದೇ ಕಪಾಟಿಗಿಟ್ಟು ತೆಗೆಯುತ್ತದೆ, ಅದಕ್ಕೇ ನಿಧಾನ. ಆಗ ಮೇಜು ದೊಡ್ಡದು ಮಾಡಿದರೆ ಖಂಡಿತ ಉಪಯೋಗವಿದೆ. ಆದರೆ ಎರಡು ತೊಡಕುಗಳಿವೆ.

ಮೊದಲನೆಯದು ಲೆಕ್ಕದ ತೊಡಕು. ಮೆಮೊರಿಯ ಪ್ರತಿ ಬೈಟಿಗೂ ಮನೆ ನಂಬರಿನಂತೆ ಒಂದು ವಿಳಾಸ ಬೇಕು. 32 ಬಿಟ್‌ಗಳಲ್ಲಿ ಬರೆಯಬಹುದಾದ ವಿಳಾಸಗಳು 4,29,49,67,296, ಅಂದರೆ 4 ಜಿಬಿ. ಹಾಗಾಗಿ 32 ಬಿಟ್ ವಿಂಡೋಸ್ 7 ಇರುವ ಕಂಪ್ಯೂಟರಿಗೆ ನೀವು 8 ಜಿಬಿ ಹಾಕಿಸಿದರೂ ಅದು 4 ಜಿಬಿಗಿಂತ ಹೆಚ್ಚು ಬಳಸುವುದಿಲ್ಲ. ಅದರಲ್ಲೂ ಒಂದು ಪಾಲು ವಿಳಾಸ ಗ್ರಾಫಿಕ್ಸ್ ಮುಂತಾದ ಭಾಗಗಳಿಗೆ ಹೋಗುತ್ತದೆ. ಉಳಿದ ದುಡ್ಡು ದಂಡ. ಇನ್ನು ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಅಂದಿನ ಪುಟ್ಟ ಮೆಮೊರಿಗೆಂದೇ ಮಾಡಿದ ಆ ತಂತ್ರಾಂಶಕ್ಕೆ ಇಷ್ಟು ದೊಡ್ಡ ಮೇಜು ಬೇಕಾಗಿಯೂ ಇಲ್ಲ.

ಎರಡನೆಯದು ಹೆಚ್ಚು ಅಪಾಯದ್ದು. ಮೇಜು ದೊಡ್ಡದಾಯಿತು, ಬಾಗಿಲಿನ ಬೀಗ ಹಳೆಯದೇ ಉಳಿಯಿತು. ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ಮುಗಿಯಿತು. ಆಮೇಲೆ ಸಿಕ್ಕ ತೂತುಗಳನ್ನು ಮುಚ್ಚುವವರಿಲ್ಲ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಕುತಂತ್ರಾಂಶ ಸುಮಾರು 150 ದೇಶಗಳಲ್ಲಿ ಕಂಪ್ಯೂಟರುಗಳ ಕಡತಗಳಿಗೆ ಬೀಗ ಹಾಕಿ ದುಡ್ಡು ಕೇಳಿತು. ಅದಕ್ಕೆ ಪರಿಹಾರದ ಅಪ್‌ಡೇಟ್ ಎರಡು ತಿಂಗಳು ಮೊದಲೇ ಬಂದಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಡಿಟಿಪಿ ಅಂಗಡಿಗೆ ದಿನವೂ ಹತ್ತಾರು ಪೆನ್‌ಡ್ರೈವ್ ಬರುತ್ತವೆ, ಗಿರಾಕಿಗಳ ಆಧಾರ್ ಪ್ರತಿಗಳೂ ಅಲ್ಲೇ ಉಳಿಯುತ್ತವೆ. ನಷ್ಟ ಅಂಗಡಿಯವರದ್ದು ಮಾತ್ರವಲ್ಲ.

ಹಾಗಾದರೆ ಏನು ಮಾಡಬೇಕು? ರ‍್ಯಾಮ್ ಕೊಳ್ಳುವ ಮೊದಲು ‘ಕಂಪ್ಯೂಟರ್’ ಐಕಾನಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’ ತೆರೆಯಿರಿ. ‘ಸಿಸ್ಟಮ್ ಟೈಪ್’ ಎಂಬಲ್ಲಿ 32 ಬಿಟ್ಟೋ 64 ಬಿಟ್ಟೋ ಎಂದು ಕಾಣುತ್ತದೆ. ಮದರ್‌ಬೋರ್ಡ್ ಎಷ್ಟು ಮೆಮೊರಿ ತಡೆಯುತ್ತದೆ ಎಂದೂ ಕೇಳಿ. ಪೇಜ್‌ಮೇಕರ್ ಬಿಡಲಾಗದಿದ್ದರೆ ಆ ಯಂತ್ರದ ಇಂಟರ್ನೆಟ್ ಸಂಪರ್ಕ ತೆಗೆದು ಅಚ್ಚಿನ ಕೆಲಸಕ್ಕಷ್ಟೇ ಇಟ್ಟುಕೊಳ್ಳಿ. ಬ್ಯಾಂಕು, ಆಧಾರ್, ಮಿಂಚಂಚೆ ಎಲ್ಲವೂ ಅಪ್‌ಡೇಟ್ ಬರುತ್ತಿರುವ ಬೇರೆ ಯಂತ್ರದಲ್ಲಿರಲಿ. ಪೆನ್‌ಡ್ರೈವನ್ನು ಅಲ್ಲೇ ಮೊದಲು ತಪಾಸಣೆ ಮಾಡಿ. ಮುಖ್ಯ ಕಡತಗಳ ಪ್ರತಿ ಪ್ರತ್ಯೇಕ ಡಿಸ್ಕಿನಲ್ಲಿರಲಿ. ಹಳೆಯ ನುಡಿ ಬರಹಗಳನ್ನು ಯೂನಿಕೋಡ್‌ಗೆ ಬದಲಿಸುತ್ತ ಬಂದರೆ ಮುಂದೊಂದು ದಿನ ಹಳೆಯ ತಂತ್ರಾಂಶದ ಹಂಗೇ ಇರುವುದಿಲ್ಲ.

ರ‍್ಯಾಮ್ ವೇಗ ಕೊಡಬಹುದು, ರಕ್ಷಣೆ ಕೊಡುವುದಿಲ್ಲ.